ಭಾನುವಾರ ಹನ್ನೊಂದೂವರೆಯ ನಂತರ ಯಾರ ಮನೆಗೆ ಹೋಗುವುದು?

ಬೀದರಿನವಳು (2025ರ ಆಗಸ್ಟ್ 24, ಭಾನುವಾರ ಮಧ್ಯಾಹ್ನ)

ಎಲ್ಲರಿಗೂ ವಂದನೆಗಳು. ನಾನು ಬ್ಯಾಂಕಿನ ಕೆಲಸದ ಮೇಲೆ ಶಿವಮೊಗ್ಗಕ್ಕೆ ವರ್ಗವಾಗಿ ಬಂದು ಹದಿನಾಲ್ಕು ತಿಂಗಳಾಯಿತು. ಹುಟ್ಟಿ ಬೆಳೆದದ್ದು ಬೀದರ್ ಜಿಲ್ಲೆಯ ಒಂದು ಮೆಥೋಡಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಕುಟುಂಬದಲ್ಲಿ. ನಮ್ಮ ಕಡೆ ಚರ್ಚಿಗೆ ಹೋಗಿ ಬರಲು ಮೂರು ಗಂಟೆ ಬೇಕು. ಆರಾಧನೆ ಎರಡು ಗಂಟೆಯದು, ಉಳಿದ ಒಂದು ಗಂಟೆ ಗೇಟಿನ ಹತ್ತಿರದ್ದು. ಯಾರ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ನೋಡಲು ಬಂದಿದ್ದರು, ಎಲ್ಲವೂ ಅಲ್ಲಿಯೇ ಇತ್ಯರ್ಥ.

ಇಲ್ಲಿ ಆರಾಧನೆ ಮುಗಿಯುವುದು ಹನ್ನೊಂದೂವರೆಗೆ. ಹನ್ನೆರಡಕ್ಕೆಲ್ಲ ನಾನು ವಿನೋಬನಗರದ ನನ್ನ ಕೋಣೆಯಲ್ಲಿ ಚಪ್ಪಲಿ ಬಿಡುತ್ತಿರುತ್ತೇನೆ. ಬಾಗಿಲಲ್ಲಿ "ಹೇಗಿದ್ದೀರಿ ಸಿಸ್ಟರ್" ಎಂದು ಕೇಳುವವರು ನಾನು ಉತ್ತರ ಕೊಡುವಷ್ಟರಲ್ಲಿ ಮುಂದಿನವರತ್ತ ತಿರುಗಿರುತ್ತಾರೆ. ಅಂಗಳದಲ್ಲಿ ಕೊಂಕಣಿಯವರು ಒಂದು ಕಡೆ, ತಮಿಳಿನವರು ಒಂದು ಕಡೆ, ಮಲಯಾಳದವರು ಕಾರಿನ ಬಳಿ. ಯಾರೂ ಕೆಟ್ಟವರಲ್ಲ. ಅವರವರ ಮಾತು ಅವರವರಿಗೆ ಸಿಹಿ.

ಜುಲೈನಲ್ಲಿ ನನಗೆ ಡೆಂಗಿ ಜ್ವರ ಬಂತು. ಎರಡು ಭಾನುವಾರ ಹೋಗಲಿಲ್ಲ. ಮೂರನೆಯ ಭಾನುವಾರ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಎಲ್ಲಿ ಹೋಗಿದ್ದಿರಿ ಎಂದು ಒಬ್ಬರೂ ಕೇಳಲಿಲ್ಲ. ಕಾಣಿಕೆಯ ಲಕೋಟೆ ನೋಡಿಕೊಳ್ಳುವವರು ಮಾತ್ರ ಎರಡು ವಾರದ್ದು ಬಾಕಿ ಇದೆ ಎಂದು ನೆನಪಿಸಿದರು. ಆ ಹದಿನೈದು ದಿನ ನನಗೆ ಗಂಜಿ ಕಾಯಿಸಿ ತಂದವರು ಮನೆ ಮಾಲೀಕರ ತಾಯಿ. ಅವರ ಹಣೆಯಲ್ಲಿ ವಿಭೂತಿ, ನನ್ನ ಕೊರಳಲ್ಲಿ ಶಿಲುಬೆ. ಅವರಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ 'ಅನ್ಯೋನ್ಯತೆ' ಎಂಬ ಮಾತು ಇದೆಯಲ್ಲ, ನಮ್ಮ ಸಭೆಗಳು ಕರಪತ್ರದಲ್ಲಿ ಧಾರಾಳವಾಗಿ ಅಚ್ಚು ಹಾಕಿಸುವ ಮಾತು, ಅದು ನಿಮ್ಮಲ್ಲಿ ಯಾರಿಗಾದರೂ ದಕ್ಕಿದೆಯೇ? ಹೇಗೆ ದಕ್ಕಿತು? ದಯವಿಟ್ಟು ಉಪದೇಶ ಬೇಡ. ನಡೆದದ್ದನ್ನು ಹೇಳಿ.

ಹಳೆಯ ಮೇಷ್ಟ್ರು, ತೀರ್ಥಹಳ್ಳಿ

ಅಮ್ಮಾ, ನಿನ್ನ ಪತ್ರ ಓದಿ ಮನಸ್ಸು ಕಲಕಿತು. ನಾನು ಕಥೋಲಿಕ, ವಯಸ್ಸು ಎಪ್ಪತ್ತಾರು. ನಾವು ಚಿಕ್ಕವರಿದ್ದಾಗ ಪೂಜೆಗೆ ಆರು ಮೈಲಿ ನಡೆಯಬೇಕಾಗಿತ್ತು. ನಸುಕಿನಲ್ಲೇ ಹೊರಟರೆ ಕಂಬಳಿಕೊಪ್ಪೆಯ ಮೇಲೆ ಮಳೆ ಸದ್ದು ಮಾಡುತ್ತಿತ್ತು. ಅಮ್ಮನ ಕೈಯಲ್ಲಿ ಸುಣ್ಣದ ಗಂಟು, ನಮ್ಮ ಕಾಲಿಗೆ ಹತ್ತಿದ ಇಂಬಳಗಳಿಗೆ ಮುಟ್ಟಿಸಲು. ಒಂದು ಮನೆಯವರು ಹೊರಟು ಎರಡನೆಯ ಮನೆಯ ಮುಂದೆ ಕೂಗು ಹಾಕಿದರೆ ಅವರೂ ಸೇರುತ್ತಿದ್ದರು. ಹಳ್ಳ ದಾಟುವಾಗ ಮಕ್ಕಳನ್ನು ಯಾರ ಹೆಗಲು ಸಿಕ್ಕಿದರೆ ಆ ಹೆಗಲಿಗೆ ಏರಿಸುತ್ತಿದ್ದರು. ಚರ್ಚ್ ಮುಟ್ಟುವಷ್ಟರಲ್ಲಿ ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರಿಗೆ ಹೆರಿಗೆ ಹತ್ತಿರವಾಗಿದೆ ಎಂಬುದು ಎಲ್ಲರಿಗೂ ಗೊತ್ತಾಗಿರುತ್ತಿತ್ತು. ಪಾದ್ರಿಗಳ ಪ್ರಸಂಗ ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಅದು ಬೇರೆ ಮಾತು.

ಲೂಕನ ಸುವಾರ್ತೆಯಲ್ಲಿ ಬರುವ ಎಮ್ಮಾವು ಊರಿನ ದಾರಿಯೂ ಸುಮಾರು ಏಳು ಮೈಲಿಯದ್ದೇ. ಮನಸ್ಸು ಮುರಿದ ಇಬ್ಬರು ನಡೆಯುತ್ತಾ ಮಾತನಾಡುತ್ತಿದ್ದಾಗ ಮೂರನೆಯವರು ಬಂದು ಸೇರಿಕೊಂಡರು. ಬಂದವರು ಸಾವಿನಿಂದ ಎದ್ದ ಯೇಸುವೇ ಎಂದು ತಿಳಿದದ್ದು ಮನೆಗೆ ಕರೆದು ರೊಟ್ಟಿ ಮುರಿದಾಗ. ಈಗ ನಾವೆಲ್ಲ ಕಾರಿನಲ್ಲಿ ಹೋಗುತ್ತೇವೆ. ಗಾಜು ಏರಿಸಿರುತ್ತೇವೆ.

ಹಿನ್ನೀರಿನವನು, ತುಮರಿ ಕಡೆ

ಮೇಷ್ಟ್ರ ಮಾತಿಗೆ ನನ್ನದೊಂದು ಬಾಲಂಗೋಚಿ. ನಮ್ಮ ಕಡೆ ಲಾಂಚ್ ಇತ್ತು. ಶರಾವತಿ ಹಿನ್ನೀರು ದಾಟಿ ಸಾಗರ ಪೇಟೆಗೆ ಹೋಗಬೇಕೆಂದರೆ ದಡದಲ್ಲಿ ಕಾಯಲೇಬೇಕಿತ್ತು. ಒಮ್ಮೊಮ್ಮೆ ಒಂದು ಗಂಟೆ, ಸಿಗಂದೂರಿನ ಜನ ಹೆಚ್ಚಿದ್ದ ದಿನ ಎರಡು ಗಂಟೆ. ಬೈದುಕೊಂಡೇ ಕಾಯುತ್ತಿದ್ದೆವು. ಆದರೆ ಈ ಕಡೆಯ ನಮ್ಮ ನಾಲ್ಕಾರು ಕ್ರೈಸ್ತ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಅಲ್ಲಿಯೇ, ನೆಲಗಡಲೆ ಪೊಟ್ಟಣ ಹಿಡಿದುಕೊಂಡು. ನನ್ನ ತಂಗಿಯ ಮದುವೆಯ ಮಾತು ಶುರುವಾದದ್ದೂ ಲಾಂಚಿನ ಮೇಲೆ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗಿನಿಂದ ಕೇಳುತ್ತಿದ್ದದ್ದು ಕೊನೆಗೂ ಸಿಕ್ಕಿತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಏನು ಮಾಡುವುದು ಎಂಬ ಭಯ ಹೋಯಿತು, ಅದರ ಬೆಲೆ ನಮಗೆ ಮಾತ್ರ ಗೊತ್ತು. ಸೇತುವೆ ಬೇಡವಾಗಿತ್ತು ಎನ್ನುವ ಮೂರ್ಖ ನಾನಲ್ಲ. ಆದರೆ ಒಂದೂವರೆ ತಿಂಗಳಾಯಿತು, ಆಚೆ ಮನೆಯ ಅಣ್ಣನವರೊಂದಿಗೆ ನಾನು ಇನ್ನೂ ಮಾತನಾಡಿಲ್ಲ. ಅವರ ಜೀಪು ಹೋಗುವುದು ಕಾಣಿಸುತ್ತದೆ, ಕೈ ಎತ್ತುತ್ತಾರೆ.

ನೇರಮಾತು

ಬೇಸರ ಮಾಡಿಕೊಳ್ಳಬೇಡಿ ಸಹೋದರಿ, ಹೇಳುವವರು ಯಾರಾದರೂ ಬೇಕು. ಕಂಬಳಿಕೊಪ್ಪೆ ಮತ್ತು ಲಾಂಚಿನ ಕಥೆಯಿಂದ ನಿಮ್ಮ ಭಾನುವಾರ ತುಂಬುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ನೀವು ಎಷ್ಟು ಜನರ ಹೆಸರು ಕೇಳಿದ್ದೀರಿ? ಎಷ್ಟು ಮನೆಯ ಬಾಗಿಲು ತಟ್ಟಿದ್ದೀರಿ? ಹೊಸಬರನ್ನು ಹಳಬರು ಮಾತನಾಡಿಸಬೇಕು, ಸರಿ. ಆದರೆ ನಾನು ಕಂಡಂತೆ ಒಂಟಿತನದ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಕೊನೆಯ ಗೀತೆ ಮುಗಿಯುವ ಮುಂಚೆಯೇ ಕೊಡೆ ಹುಡುಕುತ್ತಿರುತ್ತಾರೆ. ಗಾಯನ ವೃಂದ ಇದೆ, ಸಂಡೇ ಸ್ಕೂಲ್ ಇದೆ, ಸ್ತ್ರೀಯರ ಕೂಟ ಇದೆ. ಸೇರಿಕೊಳ್ಳಿ. ಎದ್ದು ನಿಲ್ಲಿ.

ಬೀದರಿನವಳು

@ನೇರಮಾತು, ಓದಿ ಸಿಟ್ಟು ಬಂತು. ಅನ್ನಕ್ಕಿಟ್ಟ ಅಕ್ಕಿ ತಳ ಹಿಡಿಯಿತು, ಅಷ್ಟು ಸಿಟ್ಟು. ಆಮೇಲೆ ಕೊಡೆಯ ಮಾತು ನಿಜ ಎನ್ನಿಸಿತು. ನನ್ನದು ಕೆಂಪು ಕೊಡೆ, ಬೆಂಚಿಗೆ ಒರಗಿಸಿಟ್ಟಿರುತ್ತೇನೆ. ಆಶೀರ್ವಾದದ ಹೊತ್ತಿಗೆ ಅದರ ಹಿಡಿ ನನ್ನ ಕೈಯಲ್ಲಿರುತ್ತದೆ.

ಗಾಯನ ವೃಂದಕ್ಕೆ ನನ್ನ ಗಂಟಲು ಆಗುವುದಿಲ್ಲ, ಕಾಗೆಗೂ ಅವಮಾನ. ಸ್ತ್ರೀಯರ ಕೂಟ ಬುಧವಾರ ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿಗೆ ನಾನು ಕೌಂಟರಿನಲ್ಲಿ ನೋಟು ಎಣಿಸುತ್ತಿರುತ್ತೇನೆ.

ಎದ್ದು ನಿಲ್ಲಿ ಎಂದಿರಿ. ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷ ರೋಗಿಯಾಗಿ ಬಿದ್ದಿದ್ದವನಿಗೆ ಯೇಸು ಹೇಳಿದ್ದೂ ಅದನ್ನೇ. ಆದರೆ ಅದಕ್ಕೆ ಮುಂಚೆ ಆತನು ಅವನು ಬಿದ್ದಲ್ಲಿಗೆ ಹೋಗಿದ್ದನು. 'ನನ್ನನ್ನು ನೀರಿಗಿಳಿಸಲು ಯಾರೂ ಇಲ್ಲ' ಎಂಬ ಅವನ ಗೋಳನ್ನು ಪೂರ್ತಿ ಕೇಳಿಸಿಕೊಂಡಿದ್ದನು.

ನೇರಮಾತು

ಒಪ್ಪಿದೆ. ಅಕ್ಕಿಯ ನಷ್ಟಕ್ಕೆ ಕ್ಷಮೆ ಇರಲಿ.

ಹೆಸರು ಹೇಳಲಾರೆ

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಸಭಾಪಾಲಕರೊಬ್ಬರ ಹೆಂಡತಿ. ಊರು ಹೇಳುವುದಿಲ್ಲ, ಮಲೆನಾಡಿನದ್ದೇ.

ಸಭೆಯಲ್ಲಿ ಅತ್ಯಂತ ಒಂಟಿ ಮನೆ ಯಾವುದು ಎಂದು ಕೇಳಿದರೆ, ಚರ್ಚಿನ ಕಾಂಪೌಂಡಿನೊಳಗಿನದ್ದೇ ಎನ್ನುತ್ತೇನೆ. ನಮ್ಮ ಮನೆಗೆ ದಿನಕ್ಕೆ ಹತ್ತು ಜನ ಬರುತ್ತಾರೆ. ಮದುವೆಯ ಪತ್ರ ಬೇಕಾದವರು, ಗಂಡನ ಕುಡಿತದ ಕಥೆ ಹೇಳುವವರು, ಸಮಿತಿಯ ಜಗಳ ತಂದವರು. ಎಲ್ಲರಿಗೂ ಚಹಾ ಮಾಡಿಕೊಡುತ್ತೇನೆ. ನಾನು ಹೇಗಿದ್ದೇನೆ ಎಂದು ಕೇಳುವವರು ಇಲ್ಲ, ಕೇಳಿದರೂ ನಾನು ಹೇಳುವಂತಿಲ್ಲ. ಒಬ್ಬರ ಮನೆಗೆ ಹೆಚ್ಚು ಹೋದರೆ ಇನ್ನೊಬ್ಬರಿಗೆ ನೋವು. ಹಬ್ಬಕ್ಕೆ ಯಾವ ಸೀರೆ ಉಟ್ಟೆ ಎಂಬುದೂ ಸಮಿತಿಯಲ್ಲಿ ಚರ್ಚೆಯಾದ ಊರಿನಲ್ಲಿ ಇದ್ದು ಬಂದಿದ್ದೇನೆ. ಗೆಳತಿ ಎನ್ನುವಂಥವಳು ಸಿಕ್ಕಿ, ಮನಸ್ಸು ಬಿಚ್ಚುವಷ್ಟರಲ್ಲಿ ವರ್ಗಾವಣೆ. ಮಕ್ಕಳು ಈಗ ಹೊಸ ಊರಿನಲ್ಲಿ ಸ್ನೇಹಿತರನ್ನು ಮಾಡಿಕೊಳ್ಳುವುದನ್ನೇ ಬಿಟ್ಟಿದ್ದಾರೆ.

ನನ್ನ ಯಜಮಾನರು ಕಳೆದ ವರ್ಷ ಒಂಟಿತನದ ಮೇಲೆ ಪ್ರಸಂಗ ಮಾಡಿದರು. ಪ್ರವಾದಿ ಎಲೀಯನು ಮರದ ಕೆಳಗೆ ಕುಳಿತು ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡ ಭಾಗ. ದೇವದೂತನು ಅವನಿಗೆ ಮೊದಲು ಬುದ್ಧಿ ಹೇಳಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟು ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದನು ಎಂದರು. ಸಭೆಯಲ್ಲಿ ಕಣ್ಣೊರೆಸಿಕೊಂಡವರಿದ್ದರು. ಮನೆಗೆ ಬಂದು ಅವರು ಕೋಣೆಯ ಬಾಗಿಲು ಹಾಕಿಕೊಂಡು ಸಂಜೆಯ ತನಕ ಹೊರಗೆ ಬರಲಿಲ್ಲ. ನಾನು ಬಾಗಿಲ ಬಳಿ ತಟ್ಟೆ ಇಟ್ಟು ಬಂದೆ.

ಬೀದರಿನ ತಂಗಿ, ನಿಮ್ಮ ಸಭಾಪಾಲಕರ ಮನೆಯವರನ್ನು ಒಮ್ಮೆ ಊಟಕ್ಕೆ ಕರೆದು ನೋಡಿ. ಕೆಲಸವಿಲ್ಲದೆ ಸುಮ್ಮನೆ ಕರೆದವರು ನಮಗೆ ಬಹಳ ಕಾಲ ನೆನಪಿರುತ್ತಾರೆ.

ಕಡತ ಕಟ್ಟುವವನು

ನನಗೆ ಅಂಕಿಸಂಖ್ಯೆಯ ಚಟ ಇದೆ, ಸಹಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್ 30ರಂದು ಹೊರತಂದ ವರದಿಯಲ್ಲಿ ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದಿದೆ. ಅದರೊಂದಿಗೆ ತಳಕು ಹಾಕಿಕೊಂಡ ಸಾವುಗಳು ವರ್ಷಕ್ಕೆ ಸುಮಾರು 8,71,000. ಬ್ರಿಟನ್ 2018ರಲ್ಲಿ ಇದಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು, ಜಪಾನ್ 2021ರಲ್ಲಿ. ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ಆಗಿದ್ದ ವಿವೇಕ್ ಮೂರ್ತಿ 2023ರ ಮೇ ತಿಂಗಳಲ್ಲಿ ಒಂಟಿತನವನ್ನು ಸಾಂಕ್ರಾಮಿಕ ಎಂದೇ ಕರೆದರು. ಅವರ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಹಲ್ಲೆಗೆರೆಯ ಜಗಲಿಕಟ್ಟೆ ಕಂಡ ವಂಶದವರಿಗೆ ಇದು ಬೇಗ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಹಳೆಯ ಕಡತ. ಸಹೋದರಿ ಮೆಥೋಡಿಸ್ಟ್ ಎಂದದ್ದರಿಂದ ನೆನಪಾಯಿತು, ಲಕೋಟೆಯ ಬಾಕಿ ಕೇಳಿದರು ಎಂದದ್ದರಿಂದ ಇನ್ನೂ ಹೆಚ್ಚು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮೆಥೋಡಿಸ್ಟರು ಕಟ್ಟಡದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಹನ್ನೆರಡು ಜನಕ್ಕೆ ಒಂದರಂತೆ ಗುಂಪು ಮಾಡಿ, ಗುಂಪಿಗೊಬ್ಬ ಮುಂದಾಳು ವಾರಕ್ಕೊಮ್ಮೆ ಪ್ರತಿಯೊಬ್ಬರ ಮನೆಗೆ ಹೋಗಿ ಒಂದು ಪೆನ್ನಿ ವಸೂಲು ಮಾಡಬೇಕು. ಕೊಡಲಾಗದವರ ಪೆನ್ನಿಯನ್ನು ಮುಂದಾಳುವೇ ತನ್ನ ಜೇಬಿನಿಂದ ಹಾಕಬೇಕು. ಹೀಗೆ ಮನೆಮನೆಗೆ ಹೋದವರಿಗೆ ಕಂಡದ್ದೇ ಬೇರೆ. ಒಂದು ಮನೆಯಲ್ಲಿ ಜಗಳ, ಇನ್ನೊಂದರಲ್ಲಿ ಕುಡಿತ, ಮತ್ತೊಂದರಲ್ಲಿ ಕಾಯಿಲೆ. ಮೆಥೋಡಿಸ್ಟ್ ಪಂಗಡ ಕಟ್ಟಿದ ಜಾನ್ ವೆಸ್ಲಿಗೆ ತಾನು ಹುಡುಕುತ್ತಿದ್ದದ್ದು ಇದೇ ಎಂದು ಹೊಳೆಯಿತು. ಸಾಲ ವಸೂಲಿಯ ಗುಂಪೇ 'ಕ್ಲಾಸ್ ಮೀಟಿಂಗ್' ಆಯಿತು. ಹಳೆಯ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನವರ ಬೇರು ಇದೇ.

ಅಂದರೆ ಲಕೋಟೆಯವರನ್ನು ಅಷ್ಟು ಬೈಯಬೇಡಿ. ಸಭೆಯಲ್ಲಿ ನೀವು ಬಂದಿಲ್ಲ ಎಂಬುದನ್ನು ಬರೆದಿಟ್ಟುಕೊಂಡಿದ್ದವರು ಅವರೊಬ್ಬರೇ. ಅವರು ಚರ್ಚಿನ ಬಾಗಿಲಲ್ಲಿ ಕೇಳುವ ಬದಲು ನಿಮ್ಮ ಮನೆಗೆ ಬಂದು ಕೇಳಬೇಕಾಗಿತ್ತು, ಅಷ್ಟೇ.

ಅಡಿಕೆ ತೋಟದವನು, ಹೊಸನಗರ

ಮಲೆನಾಡಿನವರಿಗೆ ಇದನ್ನು ಹೊರಗಿನಿಂದ ಕಲಿಯಬೇಕಾದ್ದಿಲ್ಲ. ನಮ್ಮಲ್ಲಿ ಮುಯ್ಯಾಳು ಎಂಬುದಿತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಾಳಿದ್ದು ನಮ್ಮ ಗದ್ದೆಗೆ ನಿಮ್ಮಿಂದ ಇಬ್ಬರು. ಕೂಲಿ ಇಲ್ಲ, ಊಟ ಮಾತ್ರ. ಜಾತಿ ಧರ್ಮ ನೋಡದೆ ಕೆಸರಿನಲ್ಲಿ ಒಟ್ಟಿಗೆ ನಿಂತವರು ನಾವು. ಈಗ ಗದ್ದೆಗಳೆಲ್ಲ ತೋಟವಾದವು, ತೋಟಕ್ಕೆ ಎಲೆಚುಕ್ಕಿ ರೋಗ ಬಂತು, ಮಕ್ಕಳು ಬೆಂಗಳೂರು ಸೇರಿದರು. ಅಡಿಕೆ ಸುಲಿಯಲು ಯಂತ್ರ ಬಂದಿದೆ. ಮೊದಲು ರಾತ್ರಿಯಿಡೀ ಹತ್ತು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದಾಗ ಬರುತ್ತಿದ್ದ ಮಾತು, ಕಥೆ, ಕೀರ್ತನೆ ಯಂತ್ರದ ಗದ್ದಲದಲ್ಲಿ ಎಲ್ಲಿ ಬರಬೇಕು?

ಸಭೆಗಳಲ್ಲಿ ಮುಯ್ಯಾಳು ಪದ್ಧತಿಯನ್ನು ಮತ್ತೆ ತರಬೇಕು ಎಂಬುದು ನನ್ನ ಅಭಿಪ್ರಾಯ. ಪ್ರಾರ್ಥನಾ ಕೂಟ ಆಮೇಲೆ. ಮೊದಲು ಒಬ್ಬರ ಮನೆಯ ಸೋರುವ ಮಾಡನ್ನು ಎಲ್ಲರೂ ಸೇರಿ ಸರಿಮಾಡಲಿ. ಕೈ ಕೂಡಿದರೆ ಮನಸ್ಸು ತಾನೇ ಕೂಡುತ್ತದೆ.

ಪೇಪರ್ ಟೌನ್, ಭದ್ರಾವತಿ

ತೋಟದ ಅಣ್ಣನವರಿಗೆ ನಮಸ್ಕಾರ. ಮುಯ್ಯಾಳು ಚೆಂದ, ಆದರೆ ಅದರಲ್ಲಿ ಲೆಕ್ಕ ಇದೆ. ಎರಡು ಆಳು ಕಳಿಸಿದವನಿಗೆ ಎರಡು ಆಳು ಹಿಂದಿರುಗಬೇಕು. ಕಳಿಸಲು ಆಳಿಲ್ಲದ ಮುದುಕಿಯ ಗದ್ದೆಗೆ ಯಾರು ಇಳಿಯುತ್ತಿದ್ದರು, ಹೇಳಿ ನೋಡೋಣ.

ನಾನು ಲೆಕ್ಕದ ಮಾತನ್ನು ಸುಮ್ಮನೆ ಎತ್ತಿಲ್ಲ. ನಮ್ಮ ಅಪ್ಪ ಕಾಗದ ಕಾರ್ಖಾನೆಯ ಕೆಲಸಗಾರರು. ಕಾರ್ಖಾನೆ ನಡೆಯುತ್ತಿದ್ದಾಗ ಕ್ವಾರ್ಟರ್ಸಿನಲ್ಲಿ ಕ್ರಿಸ್‌ಮಸ್ ಎಂದರೆ ಹದಿನೈದು ದಿನದ ಹಬ್ಬ. ತಮಿಳು, ತೆಲುಗು, ಮಲಯಾಳ, ಕನ್ನಡ, ಯಾವ ಮನೆಯ ಕಜ್ಜಾಯ ಯಾವ ಮನೆಯ ಡಬ್ಬಿಯಲ್ಲಿದೆ ಎಂದು ಹೇಳಲಾಗುತ್ತಿರಲಿಲ್ಲ. ಕಾರ್ಖಾನೆ ನಿಂತಿತು. ಸಂಬಳ ನಿಂತ ಮೇಲೆ ಜನ ಮೊದಲು ಏನು ಬಿಟ್ಟರು ಗೊತ್ತೇ? ಹಾಲಲ್ಲ, ಪತ್ರಿಕೆಯಲ್ಲ. ಚರ್ಚನ್ನು ಬಿಟ್ಟರು. ಕಾಣಿಕೆ ಚೀಲ ಎದುರಿಗೆ ಬಂದಾಗ ಮುಷ್ಟಿ ಬಿಗಿ ಮಾಡಿಕೊಂಡು, ಏನೋ ಹಾಕಿದಂತೆ ನಟಿಸಿ ಕೈ ತೆಗೆಯುವುದನ್ನು ನಾನು ಅಪ್ಪನ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಮುಂದಿನ ವಾರದಿಂದ ಅಪ್ಪನಿಗೆ ಭಾನುವಾರಗಳಲ್ಲಿ ಮಂಡಿನೋವು ಶುರುವಾಯಿತು. ಸೋಮವಾರ ಮಂಡಿ ಸರಿಯಾಗಿರುತ್ತಿತ್ತು.

ಲೂಕ 14ರಲ್ಲಿ ಊಟಕ್ಕೆ ಯಾರನ್ನು ಕರೆಯಬೇಕು ಎಂದು ಬರೆದಿದೆ. ಗೆಳೆಯರನ್ನಲ್ಲ, ಬಂಧುಗಳನ್ನಲ್ಲ, ಐಶ್ವರ್ಯವಂತರಾದ ನೆರೆಯವರನ್ನಲ್ಲ, ಅವರು ನಿನ್ನನ್ನು ತಿರುಗಿ ಕರೆದಾರು ಎಂದಿದೆ. ತಿರುಗಿ ಕರೆಯಲಾಗದವರನ್ನು ಕರೆಯಬೇಕಂತೆ. ಮುಯ್ಯಿಯ ಲೆಕ್ಕ ಅಲ್ಲಿಗೆ ಮುಗಿಯಿತು.

ಅಡಿಕೆ ತೋಟದವನು, ಹೊಸನಗರ

ಆಳಿಲ್ಲದ ಮುದುಕಿಯ ಗದ್ದೆಗೂ ಇಳಿಯುತ್ತಿದ್ದೆವು. ನಮ್ಮ ಅಜ್ಜಿಯೇ ಹಾಗೆ ಬದುಕಿದವರು. ಆದರೆ ಕೊನೆಗೆ ಇಳಿಯುತ್ತಿದ್ದೆವು, ಎಲ್ಲರದ್ದೂ ಮುಗಿದ ಮೇಲೆ, ಸಸಿ ಬಲಿತು ಹೋದ ಮೇಲೆ. ಅಷ್ಟು ಮಾತ್ರ ನಿಮ್ಮ ಮಾತು ನಿಜ. ಅದನ್ನು ಅಜ್ಜಿ ಸಾಯುವ ತನಕ ಹೇಳುತ್ತಿದ್ದರು.

ನಿಮ್ಮ ತಂದೆಯವರು ಈಗ ಹೇಗಿದ್ದಾರೆ?

ಪೇಪರ್ ಟೌನ್, ಭದ್ರಾವತಿ

ಹೋಗಿ ನಾಲ್ಕು ವರ್ಷವಾಯಿತು. ಮಣ್ಣಿಗೆ ಸಭೆಯವರೆಲ್ಲ ಬಂದಿದ್ದರು. ತುಂಬಾ ಜನ.

ಒಮ್ಮೆ ಸುಟ್ಟುಕೊಂಡವಳು

ಎಲ್ಲರೂ ಮನಸ್ಸು ಬಿಚ್ಚಬೇಕು, ಮನೆ ತೆರೆಯಬೇಕು ಎನ್ನುತ್ತಿದ್ದೀರಿ. ಬಿಚ್ಚಿದ ಮೇಲೆ ಏನಾಗುತ್ತದೆ ಎಂದು ನಾನು ಹೇಳುತ್ತೇನೆ. ಮಹಿಳೆಯರ ಪ್ರಾರ್ಥನಾ ಕೂಟದಲ್ಲಿ ನನ್ನ ಮನೆಯ ಒಂದು ಸಂಕಟ ಹೇಳಿಕೊಂಡು ಅತ್ತೆ. ಕೈ ಇಟ್ಟು ಪ್ರಾರ್ಥಿಸಿದರು, ಹಗುರವಾಯಿತು. ಗುರುವಾರ ಮೀನು ಕೊಳ್ಳುವಾಗ, ನಾನು ಎಂದೂ ಮಾತನಾಡಿಸದ ಒಬ್ಬಾಕೆ "ನಿಮಗಾಗಿ ಬಹಳ ಭಾರದಿಂದ ಪ್ರಾರ್ಥಿಸುತ್ತಿದ್ದೇವೆ" ಎಂದಳು. ನನ್ನ ಕೈಯಲ್ಲಿ ಬಂಗುಡೆಯ ಚೀಲ. ಅಲ್ಲಿಯೇ ಬಿಟ್ಟು ಬಂದೆ.

ಪ್ರಾರ್ಥನೆಯ ಹೆಸರಿನಲ್ಲಿ ನಡೆಯುವ ಚಾಡಿಗೆ ನಮ್ಮ ಸಭೆಗಳಲ್ಲಿ ಹೆಸರೇ ಇಲ್ಲ, ಹಾಗಾಗಿ ಅದು ಪಾಪದ ಪಟ್ಟಿಗೂ ಸೇರಿಲ್ಲ. ವಾಟ್ಸ್‌ಆಪ್ ಗುಂಪಿನಲ್ಲಿ ಬೆಳಿಗ್ಗೆ ಐದಕ್ಕೆ ವಾಕ್ಯ ಬರುತ್ತದೆ, ಕೆಳಗೆ ಸಾಲಾಗಿ ಕೈ ಜೋಡಿಸಿದ ಚಿತ್ರಗಳು. ಯಾರಾದರೂ ಆಸ್ಪತ್ರೆ ಸೇರಿದರೂ ಅದೇ ಚಿತ್ರ, ಯಾರಾದರೂ ಸತ್ತರೂ ಅದೇ ಚಿತ್ರ. ನಾನೂ ಹಾಕುತ್ತೇನೆ. ಸುಲಭ.

ಹಳೆಯ ಮೇಷ್ಟ್ರು, ತೀರ್ಥಹಳ್ಳಿ

ತಾಯಿ, ನೀವು ಹೇಳಿದ್ದರಲ್ಲಿ ನನ್ನ ಕಂಬಳಿಕೊಪ್ಪೆಯ ಕಥೆಗೂ ಒಂದು ಪೆಟ್ಟು ಇದೆ. ದಾರಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತಿತ್ತು ಎಂದು ಹೆಮ್ಮೆಯಿಂದ ಬರೆದೆ. ಮದುವೆಗೆ ಮುಂಚೆ ಬಸುರಿಯಾದ ಒಬ್ಬ ಹುಡುಗಿಗೂ ಅದೇ ದಾರಿಯಾಗಿತ್ತು. ಅವಳು ನಡೆಯುವಾಗ ಹಿಂದೆ ಮುಂದೆ ಹತ್ತು ಮಾರು ಖಾಲಿ ಇರುತ್ತಿತ್ತು. ನಾನು ಆಗ ಚಿಕ್ಕವನು, ಆದರೂ ನೆನಪಿದೆ. ಬರೆಯುವಾಗ ನೆನಪಾಗಲಿಲ್ಲ, ಅಷ್ಟೇ.

ಸಾಗರದ ಕೊಂಕಣಿ

ನಮ್ಮವರು ಅಂಗಳದಲ್ಲಿ ಗುಂಪುಗೂಡುತ್ತಾರೆ ಎಂಬ ಆರೋಪ ಒಪ್ಪುತ್ತೇನೆ. ಘಟ್ಟ ಹತ್ತಿ ಬಂದವರು ನಾವು, ಕೆಳಗಿನಿಂದ ತಂದ ಮಾತನ್ನು ಬಿಟ್ಟರೆ ಎಲ್ಲವೂ ಹೋಯಿತು ಎಂಬ ಭಯ ಹಿರಿಯರಿಗೆ.

ಸೆಪ್ಟೆಂಬರ್ 8 ಬರುತ್ತಿದೆ, ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂವು ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಅಂದು ಮೀನು ಮಾಂಸ ಇಲ್ಲ. ತೆನೆಯ ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಹಂಚುತ್ತಾರೆ. ದೂರ ಇರುವವರಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ರೂಢಿ. ನನ್ನ ಅಮ್ಮ ಕುವೈತಿಗೆ, ಮುಂಬಯಿಗೆ ಕಳಿಸುತ್ತಾರೆ. ಸಮುದ್ರ ದಾಟಿ ಕಾಳು ಹೋಗುತ್ತದೆ, ಆದರೆ ನಮ್ಮ ಎರಡನೆಯ ಅಡ್ಡರಸ್ತೆಯಲ್ಲಿ ಒಬ್ಬಳೇ ಇರುವ ನರ್ಸ್ ಹುಡುಗಿಗೆ ಹೋಗಿಲ್ಲ. ಅವಳು ಬೇರೆ ಸಭೆಯವಳು, ಅವಳಿಗೆ ಇದೆಲ್ಲ ಬೇಕೋ ಬೇಡವೋ ಎಂಬುದು ನಮ್ಮ ನೆಪ.

ನಾನು ಬಡವರಿಗೆ ನೆರವಾಗುವ ಕಥೋಲಿಕ ಸಂಘವಾದ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಆರಂಭಿಸಿದಾಗ ಫ್ರೆಡೆರಿಕ್ ಓಝನಾಮನಿಗೆ ಇಪ್ಪತ್ತು ವರ್ಷ, ಜೊತೆಯವರೂ ಹುಡುಗರೇ. ನಮ್ಮ ನಿಯಮ ಸರಳ. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಬೇಕು, ಕಂಡದ್ದನ್ನು ಹೊರಗೆ ಆಡಬಾರದು. ಸುಟ್ಟುಕೊಂಡ ಅಕ್ಕನವರಿಗೆ ಆ ಎರಡನೆಯ ಮಾತು ಮುಟ್ಟಲಿ. ಆದರೆ ನಾವು ಅಕ್ಕಿ, ಬೇಳೆ, ಔಷಧ ಇಲ್ಲದವರ ಪಟ್ಟಿ ಮಾಡುತ್ತೇವೆ. ಅಕ್ಕಿ ಬೇಳೆ ಎಲ್ಲ ಇದ್ದು ಜನ ಇಲ್ಲದವರು ಯಾವ ಪಟ್ಟಿಗೂ ಬರುವುದಿಲ್ಲ.

ಬೀದರಿನವಳು (ಸೆಪ್ಟೆಂಬರ್ 14, ಭಾನುವಾರ ರಾತ್ರಿ)

ಮೂರು ವಾರ ಸುಮ್ಮನಿದ್ದೆ. ನಡೆದದ್ದನ್ನು ಹೇಳಿ ಎಂದು ನಿಮ್ಮನ್ನು ಕೇಳಿದವಳು ನಾನು, ಆದ್ದರಿಂದ ನನ್ನ ಕಡೆಯದ್ದನ್ನೂ ಹೇಳಬೇಕು.

ನಾನು ಇಲ್ಲಿ ಹೋಗುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯಲ್ಲಿ ಪ್ರಭುಭೋಜನಕ್ಕೆ ಮುಂಚೆ ಶಾಂತಿ ಕೊಡುವುದು ಎಂದಿದೆ. 1947ರಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು ಮತ್ತಿತರರು ಕೂಡಿ ಒಂದೇ ಸಭೆಯಾದ ಮೇಲೆ ರೂಪಿಸಿದ ಆರಾಧನಾ ಕ್ರಮದಲ್ಲಿ ಇದಕ್ಕೆ ದೊಡ್ಡ ಜಾಗ ಕೊಟ್ಟರು. ವೇದಿಕೆಯಿಂದ ಹೊರಟ ಶಾಂತಿ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಬರಬೇಕು. ಕೊರೊನಾ ಕಾಲದಲ್ಲಿ ಕೈ ಮುಟ್ಟುವುದು ನಿಂತು ದೂರದ ನಮಸ್ಕಾರವಾಯಿತು, ಅನೇಕರು ಇವತ್ತಿಗೂ ಅಷ್ಟೇ ಮಾಡುತ್ತಾರೆ. ನಾನು ಕೂರುವ ಬೆಂಚಿನ ಕೊನೆಯಲ್ಲಿ ಒಬ್ಬ ಅಜ್ಜಿ ಕೂರುತ್ತಾರೆ. ಅವರು ಮಾತ್ರ ಎರಡೂ ಅಂಗೈ ಚಾಚಿ ನನ್ನ ಕೈ ಹಿಡಿಯುತ್ತಾರೆ. ಒರಟು ಕೈ, ಹೆಬ್ಬೆರಳಿನ ಸಂದಿಯಲ್ಲಿ ಅಡಿಕೆ ಚೊಗರಿನ ಕಪ್ಪು. ಹದಿನಾಲ್ಕು ತಿಂಗಳು ವಾರಕ್ಕೊಮ್ಮೆ ಹಿಡಿದ ಕೈ. ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಆಗಸ್ಟ್ 31ರಂದು ಕೊಡೆಯನ್ನು ಬೆಂಚಿನ ಕೆಳಗೆ ದೂರ ತಳ್ಳಿ ಕುಳಿತೆ. ಮುಗಿದ ಮೇಲೆ "ಅಜ್ಜೀ, ಮಳೆ ಇದೆ, ಮನೆಯ ತನಕ ಬರಲೇ?" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನನಗೆ ದಾರಿ ಗೊತ್ತಿಲ್ಲ ಅಂತಲೋ, ನಿನಗೆ ಹೋಗಲು ಜಾಗ ಇಲ್ಲ ಅಂತಲೋ?" ಎಂದು ಕೇಳಿದರು. ಎರಡನೆಯದು ಎಂದೆ. ಬಾ ಎಂದರು.

ಹೆಂಚಿನ ಮನೆ. ನಡುಮನೆಯಲ್ಲಿ ಎರಡು ಕಡೆ ಬಕೆಟ್ಟು ಇಟ್ಟಿದ್ದರು, ಒಂದೊಂದರ ಸದ್ದು ಒಂದೊಂದು ಥರ. ಸ್ಟೂಲಿನ ಮೇಲೆ ಹತ್ತಿಸಿ, ಜಾರಿದ್ದ ಒಂದು ಹೆಂಚನ್ನು ನನ್ನ ಕೊಡೆಯ ತುದಿಯಿಂದಲೇ ತಳ್ಳಿಸಿದರು. ಒಂದು ಬಕೆಟ್ಟಿನ ಸದ್ದು ನಿಂತಿತು. ಅಕ್ಕಿರೊಟ್ಟಿ, ಕಳಲೆ ಪಲ್ಯ ಬಡಿಸಿದರು. ಉಣ್ಣುತ್ತಾ ಇದ್ದಾಗ ಅವರೇ ಹೇಳಿದರು: "ಜುಲೈನಲ್ಲಿ ಎರಡು ವಾರ ನೀನು ಬರಲಿಲ್ಲ. ಯಾರನ್ನು ಕೇಳಲಿ, ಹೆಸರೇ ಗೊತ್ತಿಲ್ಲ. 'ಕರ್ತನೇ, ಆ ಕೆಂಪು ಕೊಡೆಯ ಹುಡುಗಿ' ಎಂದು ಪ್ರಾರ್ಥನೆ ಮಾಡಿದೆ. ಅವನಿಗೆ ಅರ್ಥವಾಗಿರಬೇಕು."

ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ಒಬ್ಬರೂ ಕೇಳಲಿಲ್ಲ ಎಂದು ಇಲ್ಲಿ ಬರೆದಿದ್ದೆನಲ್ಲ, ಅದನ್ನು ತಿದ್ದಬೇಕಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಸಾಕ್ಷಿಯ ಕೂಟದಲ್ಲಿ ಹೇಳುವ ಕಥೆಯಂತಾಗುತ್ತದೆ. ಎರಡನೆಯ ಭಾನುವಾರ ಹೋದಾಗ ಅಜ್ಜಿಗೆ ಸಿಡುಕು. ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದಕ್ಕೂ ನಾನೇ ಕಾರಣ. ಬೆಂಗಳೂರಿನ ಮಗ ಮನೆ ಮಾರೋಣ ಎಂದ ಕಥೆಯನ್ನು ಮೂರು ಸಲ ಹೇಳಿದರು, ಮೂರು ಸಲವೂ ಸೊಸೆಯದ್ದೇ ತಪ್ಪು. ಇವತ್ತು ಮೂರನೆಯ ಭಾನುವಾರ. ಬೆಳಿಗ್ಗೆ ಎದ್ದಾಗ ಹೋಗದಿದ್ದರೆ ಏನು ಎನ್ನಿಸಿತು. ನನ್ನ ಖಾಲಿ ಕೋಣೆ ಎಷ್ಟು ಆರಾಮ ಎಂದು ಆಗ ಗೊತ್ತಾಯಿತು. ಅನ್ಯೋನ್ಯತೆಯಲ್ಲಿ ಇಷ್ಟು ಬೇಸರ ಇರುತ್ತದೆ ಎಂದು ನಮ್ಮ ಸಂಡೇ ಸ್ಕೂಲಿನಲ್ಲಿ ಯಾರೂ ಹೇಳಿರಲಿಲ್ಲ. ಊರಿನಿಂದ ಬಂದ ಜೋಳದ ಹಿಟ್ಟು ಇತ್ತು, ಅದನ್ನು ಕಟ್ಟಿಕೊಂಡು ಹೋದೆ. ಅವರ ಒಲೆಯ ಮೇಲೆ ರೊಟ್ಟಿ ತಟ್ಟಿದೆ. ಅಜ್ಜಿಗೆ ಅಗಿಯಲು ಹಲ್ಲಿಲ್ಲ, ಎಣ್ಣೆಗಾಯಿಯ ರಸದಲ್ಲಿ ನೆನೆಸಿಕೊಂಡು ಎರಡು ತಿಂದರು. ಗಂಜಿ ಕೊಟ್ಟ ಮಾಲೀಕರ ತಾಯಿಗೂ ನಾಲ್ಕು ಕೊಟ್ಟು ಬಂದೆ. ಅವರು ಚೊಕ್ಕಟವಾಗಿ ಒಂದು ಬಟ್ಟಲು ಬೆಲ್ಲ ಹಾಕಿ ಪಾತ್ರೆ ಹಿಂದಿರುಗಿಸಿದರು. ಖಾಲಿ ಪಾತ್ರೆ ಕೊಡಬಾರದಂತೆ.

ಸಾಗರದ ಕೊಂಕಣಿ

ಎರಡನೆಯ ಅಡ್ಡರಸ್ತೆಗೆ ಕಾಳು ಹೋಯಿತು. ಪಾಯಸವೂ ಹೋಯಿತು. ಅವಳು ರಾತ್ರಿ ಪಾಳಿ ಮುಗಿಸಿ ಮಲಗಿದ್ದಳು, ಎಬ್ಬಿಸಿಬಿಟ್ಟೆವು. ಕಣ್ಣುಜ್ಜಿಕೊಂಡು ಬಂದು ಇದನ್ನು ತಿನ್ನಬೇಕೋ ಬಿತ್ತಬೇಕೋ ಎಂದು ಕೇಳಿದಳು.

ಹಿನ್ನೀರಿನವನು, ತುಮರಿ ಕಡೆ

ಆಚೆ ಮನೆಯ ಅಣ್ಣನವರ ಜೀಪನ್ನು ಮೊನ್ನೆ ಅಡ್ಡ ನಿಂತು ನಿಲ್ಲಿಸಿದೆ. ಡೀಸೆಲ್ ಮುಗಿಯಿತೇ ಎಂದು ಕೇಳಿದರು. ಇಲ್ಲ, ಸುಮ್ಮನೆ ಎಂದೆ. ಸ್ವಲ್ಪ ಹೊತ್ತು ಇಬ್ಬರಿಗೂ ಏನು ಮಾತನಾಡುವುದೆಂದು ತೋಚಲಿಲ್ಲ. ಆಮೇಲೆ ಲಾಂಚಿನ ಹುಡುಗರು ಈಗ ಏನು ಮಾಡುತ್ತಿದ್ದಾರೆ ಎಂದು ಶುರುವಾಯಿತು.

ಹೆಸರು ಹೇಳಲಾರೆ

ತಂಗಿ, ನನ್ನ ತವರು ರಾಯಚೂರು. ಬೇರೆಯವರ ಕೈಯ ಜೋಳದ ರೊಟ್ಟಿ ತಿಂದು ಆರು ವರ್ಷವಾಯಿತು. ಇನ್ನೊಂದು ಭಾನುವಾರ ಸಂಜೆ ನಮ್ಮವರು ಹೊರ ಸಭೆಗೆ ಹೋಗುತ್ತಾರೆ. ಇಲ್ಲಿಂದ ಶಿವಮೊಗ್ಗಕ್ಕೆ ಬಸ್ಸಿದೆ. ನಾನು ಯಾರ ಹೆಂಡತಿ ಎಂದು ಅಜ್ಜಿಗೆ ಹೇಳದಿದ್ದರೆ ಬರುತ್ತೇನೆ.

ಬೀದರಿನವಳು

ಬನ್ನಿ ಅಕ್ಕಾ. ಹಿಟ್ಟು ಇನ್ನೂ ಎರಡು ಕಿಲೋ ಇದೆ. ಅಜ್ಜಿ ಕೇಳಿಯೇ ಕೇಳುತ್ತಾರೆ, ಬಸ್ ನಿಲ್ದಾಣದಿಂದ ನಡೆದು ಬರುವಾಗ ಏನು ಹೇಳುವುದೆಂದು ಯೋಚಿಸೋಣ. ಕೆಂಪು ಕೊಡೆ ಹಿಡಿದು ನಿಂತಿರುತ್ತೇನೆ.